ಶಾಸನನ ಕೆಳಗಿಂದ ಓದೋಕೆ ಶುರು ಮಾಡಿದ ಮೇಲೆ

ನಮ್ಮೂರ ಕೆರೆ ಏರಿ ಪಕ್ಕ ಒಂದು ಕಲ್ಲಿದೆ, ಮೇಲ್ಗಡೆ ಸೂರ್ಯ ಚಂದ್ರ, ಕೆಳಗೆ ಇಪ್ಪತ್ತು ಇಪ್ಪತ್ತೆರಡು ಸಾಲು ಬರಹ. ನಾನು ಚಿಕ್ಕೋನಿದ್ದಾಗ ಅದ್ರ ಮೇಲೆ ಬಟ್ಟೆ ಒಣಗಾಕ್ತಿದ್ರು. ಪ್ರೈಮರಿ ಸ್ಕೂಲ್ ಮೇಷ್ಟ್ರಾಗಿ ವಾಪಸ್ ಇದೇ ತಾಲ್ಲೂಕಿಗೆ ಬಂದ್ಮೇಲೆ ಅದನ್ನ ಓದ್ಲೇಬೇಕು ಅಂತ ಹಠ ಹಿಡಿದು ಕೂತೆ, ಈಗ ಎಂಟು ವರ್ಷ ಆಯ್ತು, ಸುತ್ತಮುತ್ತಲ ವಿಜಯನಗರ ಕಾಲದ ಶಾಸನಗಳನ್ನ ಓದಿ ಅದ್ರಲ್ಲಿ ಬರೋ ಸುಂಕ, ಅಳತೆ, ಕಸುಬಿನ ಹೆಸ್ರುಗಳನ್ನ ಮಾತ್ರ ಬೇರೆ ನೋಟ್ ಬುಕ್ಕಿಗೆ ಬರ್ಕೊಳ್ತಾ ಬಂದಿದೀನಿ.

ಮೊದ್ಲು ಕಲ್ಲಿನ ವಿಷ್ಯ ಹೇಳ್ತೀನಿ. ದಯವಿಟ್ಟು ಅಕ್ಷರ ಕಾಣ್ಲಿ ಅಂತ ಸೀಮೆಸುಣ್ಣ, ಮೈದಾಹಿಟ್ಟು ಬಳೀಬೇಡಿ, ತಂತಿ ಬ್ರಶ್ ಅಂತೂ ಮುಟ್ಟಿಸ್ಲೇಬೇಡಿ, ಆರ್ನೂರು ವರ್ಷ ಮಳೆ ಬಿಸಿಲು ತಡ್ಕೊಂಡ ಅಕ್ಷರ ಒಂದೇ ದಿನಕ್ಕೆ ಹೋಗ್ಬಿಡುತ್ತೆ. ನಾನು ಬರೀ ನೀರು, ಮೆತ್ತನೆ ಬ್ರಶ್ ಇಟ್ಕೊಂಡು ಮಣ್ಣು ತೊಳೀತೀನಿ, ಆಮೇಲೆ ಕತ್ತಲಾದ್ಮೇಲೆ ಟಾರ್ಚನ್ನ ಕಲ್ಲಿನ ಒಂದು ಪಕ್ಕದಲ್ಲಿ ಕಲ್ಲಿಗೆ ತಾಗೋ ಹಾಗೆ ಹಿಡಿದ್ರೆ ಹಗಲಲ್ಲಿ ಬೋಳು ಕಾಣ್ತಿದ್ದ ಜಾಗದಲ್ಲೂ ಗೆರೆಗೆ ನೆರಳು ಬಿದ್ದು ಅಕ್ಷರ ಎದ್ದು ಬರುತ್ತೆ. ಬಲಗಡೆಯಿಂದ, ಎಡಗಡೆಯಿಂದ, ಮೇಲಿಂದ, ಕೆಳಗಿಂದ ಅಂತ ನಾಲ್ಕು ಫೋಟೋ ತೆಗೀಬೇಕು, ಒಂದ್ರಲ್ಲಿ ಕಾಣ್ದೇ ಇದ್ದಿದ್ದು ಇನ್ನೊಂದ್ರಲ್ಲಿ ಸಿಗುತ್ತೆ. ಒದ್ದೆ ಪೇಪರ್ ಅಂಟಿಸಿ ಮಸಿ ಒತ್ತಿ ಪಡಿಯಚ್ಚು ತೆಗೆಯೋದು ಪರ್ಮಿಶನ್ ಇರೋರ ಕೆಲ್ಸ, ನಾನು ಮಾಡಲ್ಲ.

ಅಕ್ಷರ ಕಲಿಯೋಕೆ ಒಂದು ವರ್ಷ ಹಿಡೀತು. ವಿಜಯನಗರ ಕಾಲದ ಲಿಪಿ ಈಗಿನ ಕನ್ನಡಕ್ಕೆ ತುಂಬಾ ದೂರ ಏನಿಲ್ಲ, ಆದ್ರೆ ಕಲ್ಲು ಸವೆದಿದ್ರೆ ಪ ವ ಮ ಎಲ್ಲಾ ಒಂದೇ ಥರ ಕಾಣುತ್ತೆ, ಒ ಓ ವ್ಯತ್ಯಾಸನೂ ಅವ್ರು ತೋರಿಸಲ್ಲ, ಹಂಗಾಗಿ ಕೊಡು ಅಂತನೋ ಕೋಡು ಅಂತನೋ ನಾವೇ ಸಂದರ್ಭ ನೋಡಿ ತೀರ್ಮಾನ ಮಾಡ್ಬೇಕು. ಸಾಲಿನ ಮಧ್ಯ ಒಂಟಿ 'ಗ' ಬಂದು ಪಕ್ಕದಲ್ಲಿ ಅಂಕಿ ಇದ್ರೆ ಅದು ಗದ್ಯಾಣ, ಚಿನ್ನದ ನಾಣ್ಯ, ಅದನ್ನೇ ವರಹ ಅಂತಾನೂ ಕರೀತಾರೆ. ಇದು ಗೊತ್ತಾಗೋವರ್ಗೂ ನಾನು ಮೂರು ಶಾಸನದಲ್ಲಿ ಆ 'ಗ'ನ ಯಾವ್ದೋ ಹೆಸರಿನ ಕೊನೆ ಅಕ್ಷರ ಅಂದ್ಕೊಂಡು ದುಡ್ಡಿನ ಲೆಕ್ಕನೇ ಬಿಟ್ಟುಬಿಟ್ಟಿದ್ದೆ.

ಇನ್ನೊಂದು ತಪ್ಪು ಇದಕ್ಕಿಂತ ದೊಡ್ದು. ನಮ್ಮೂರ ಕಲ್ಲು ಕೆರೆಗೊಡಗೆ ಶಾಸನ, ಅಂದ್ರೆ ಕೆರೆ ಕಟ್ಟಿಸಿದವ್ನಿಗೆ ಅದರ ಕೆಳಗೆ ಭೂಮಿ ಬಿಟ್ಟಿದ್ದು. ಅದ್ರಲ್ಲಿ ಹತ್ತು ಕೊಳಗ ಅಂತ ಇತ್ತು, ನಾನು ವರ್ಷಕ್ಕೆ ಹತ್ತು ಕೊಳಗ ಭತ್ತ ಕೊಡ್ತಿದ್ರು ಅಂತ ಬರ್ದು ಸ್ಕೂಲ್ ಫಂಕ್ಷನ್ನಲ್ಲಿ ಎಲ್ರ ಮುಂದೆ ಓದಿದೆ. ಮುಗಿದ್ಮೇಲೆ ಊರಿನ ಹಿರಿ ಅಜ್ಜ ಒಬ್ರು ಹತ್ರ ಬಂದು, "ಮೇಷ್ಟ್ರೇ, ಅದು ಭತ್ತ ಅಲ್ಲ ಕಣ್ರೀ, ಗದ್ದೆ. ಹತ್ತು ಕೊಳಗ ಬಿತ್ತೋ ಗದ್ದೆ. ನಮ್ಮಪ್ಪನ ಕಾಲ್ದಾಗೂ ಹಂಗೇ ಹೇಳ್ತಿದ್ದುದು" ಅಂದ್ರು. ಅವತ್ತು ಸಂಜೆನೇ ಅವ್ರ ಮನೆಗೆ ಹೋದೆ, ಅಟ್ಟದ ಮೇಲಿಂದ ಹಳೇ ಕೊಳಗ ಇಳಿಸಿ, ರಾಗಿ ತುಂಬಿ, ಕೈಯಲ್ಲಿ ಮಟ್ಟ ಎಳೆದು ಅಳೆದು ತೋರಿಸಿದ್ರು. ಮೊದಲ್ನೇ ಕೊಳಗಕ್ಕೆ ಒಂದು ಅನ್ನಲಿಲ್ಲ, "ಲಾಭ" ಅಂದ್ರು, ಆಮೇಲೆ ಎರಡು, ಮೂರು. ಇಪ್ಪತ್ತು ಕೊಳಗಕ್ಕೆ ಒಂದು ಖಂಡುಗ. ಭೂಮಿನ ಉದ್ದ ಅಗಲದಲ್ಲಿ ಹೇಳ್ದೆ ಎಷ್ಟು ಬೀಜ ಹಿಡಿಯುತ್ತೆ ಅಂತ ಹೇಳೋದು, ಅಂದ್ರೆ ಗದ್ದೆಯ ಒಂದು ಖಂಡುಗಕ್ಕೂ ಬೆದ್ದಲಿನ (ಮಳೆ ನಂಬಿದ ಒಣ ಹೊಲ) ಒಂದು ಖಂಡುಗಕ್ಕೂ ವಿಸ್ತೀರ್ಣ ಒಂದೇ ಅಲ್ಲ. ಇದನ್ನ ಎಕರೆಗೆ ತಿರುಗಿಸಿ ಟೇಬಲ್ ಮಾಡೋಕೆ ಹೊರಟಿದ್ದೆ, ಅಲ್ಲಿಗೇ ಬಿಟ್ಟೆ.

ಅವಾಗಿಂದ ಶಾಸನ ಓದೋ ಕ್ರಮನೇ ಬದಲಾಯ್ತು. ಮೇಲಿನ ಸಾಲುಗಳು ಎಲ್ಲಾ ಕಡೆ ಹೆಚ್ಚುಕಮ್ಮಿ ಅದೇ, ರಾಜನ ಬಿರುದುಗಳು, ಮಹಾರಾಜಾಧಿರಾಜ, ರಾಜಪರಮೇಶ್ವರ, ಭಾಷೆಗೆ ತಪ್ಪುವ ರಾಯರ ಗಂಡ. ಜನ ಇರೋದು ಕೆಳಗಿನ ಸಾಲುಗಳಲ್ಲಿ. ಮಗ್ಗದೆರೆ, ಅಂದ್ರೆ ಮಗ್ಗದ ಮೇಲಿನ ತೆರಿಗೆ, ಅಂತ ಇದ್ರೆ ಆ ಊರಲ್ಲಿ ನೇಕಾರರಿದ್ರು, ಗಾಣದೆರೆ ಅಂದ್ರೆ ಎಣ್ಣೆ ಗಾಣ ಇತ್ತು, ಹೇರಿನ ಮೇಲೆ ಸುಂಕ ಅಂದ್ರೆ ಎತ್ತು ಕತ್ತೆ ಮೇಲೆ ಸರಕು ಹೊತ್ತು ಆ ದಾರೀಲಿ ವ್ಯಾಪಾರಿಗಳು ಹೋಗ್ತಿದ್ರು. ಮದುವೆಗೂ ಸುಂಕ ಇತ್ತು, ಕೃಷ್ಣದೇವರಾಯನ ಕಾಲದ ಶಾಸನಗಳಲ್ಲಿ ಅದನ್ನ ಕೆಲವು ಕಡೆ ಬಿಟ್ಟುಕೊಟ್ಟಿದ್ದು ಬರುತ್ತೆ, ಕಲ್ಲಲ್ಲಿ ಕೆತ್ತಿಸುವಷ್ಟು ದೊಡ್ಡ ವಿಷ್ಯ ಆಗಿತ್ತು ಅಂದ್ರೆ ಬಡವ್ರ ಮನೇಲಿ ಅದು ಎಷ್ಟು ಭಾರ ಇತ್ತು ಯೋಚ್ನೆ ಮಾಡಿ.

ದುಡ್ಡಿನ ಲೆಕ್ಕ ಹಿಡಿಯೋಕೆ ನನಗೆ ಹೆಲ್ಪ್ ಆಗಿದ್ದು 1443ರಲ್ಲಿ ವಿಜಯನಗರಕ್ಕೆ ಬಂದಿದ್ದ ಪರ್ಷಿಯಾದ ಅಬ್ದುರ್ ರಜಾಕ್ ಬರ್ದಿಟ್ಟಿದ್ದು. ಜನ ಜಾಸ್ತಿ ಬಳಸೋದು ಹಣ ಅನ್ನೋ ಚಿಕ್ಕ ನಾಣ್ಯ, ಹಣದ ಆರನೇ ಒಂದು ಭಾಗ ಬೆಳ್ಳಿಯ ತಾರ, ತಾರದ ಮೂರನೇ ಒಂದು ಭಾಗ ತಾಮ್ರದ ಜೀತಲ್ ಅಂತಾನೆ ಅವ್ನು. ಅಂದ್ರೆ ಒಂದು ಹಣಕ್ಕೆ ಹದಿನೆಂಟು ಜೀತಲ್. ಇದನ್ನ ಇಟ್ಕೊಂಡು ಶ್ರವಣಬೆಳಗೊಳದ 1368ರ ಬುಕ್ಕರಾಯನ ಶಾಸನ ಓದಿ ನೋಡಿ. ಜೈನರಿಗೂ ಶ್ರೀವೈಷ್ಣವರಿಗೂ ಜಗಳ ಆದಾಗ ರಾಯ ಜೈನರ ಕೈನ ವೈಷ್ಣವರ ಕೈಲಿಟ್ಟು ಎರಡು ದರ್ಶನಕ್ಕೂ ಭೇದ ಇಲ್ಲ ಅಂದ ಅನ್ನೋದು ಎಲ್ರಿಗೂ ಗೊತ್ತು. ಅದೇ ಕಲ್ಲಲ್ಲಿ ಮುಂದೆ ಲೆಕ್ಕ ಇದೆ: ರಾಜ್ಯದ ಜೈನರ ಮನೆಮನೆಗೆ ವರ್ಷಕ್ಕೆ ಒಂದು ಹಣ ಎತ್ತಿ, ಅದ್ರಲ್ಲಿ ಬೆಳಗೊಳದ ದೇವ್ರಿಗೆ ಇಪ್ಪತ್ತು ಜನ ಕಾವಲಿನವ್ರನ್ನ ಇಡ್ಬೇಕು, ಮಿಕ್ಕ ದುಡ್ಡಲ್ಲಿ ಹಾಳುಬಿದ್ದ ಬಸದಿಗಳಿಗೆ ಸುಣ್ಣ ಬಳಿಸ್ಬೇಕು. ಆ ಹಣನ ಎತ್ತೋ ಜವಾಬ್ದಾರಿ ಕೊಟ್ಟಿದ್ದು ತಿರುಮಲೆಯ ತಾತಯ್ಯನಿಗೆ, ವೈಷ್ಣವರ ಕಡೆಯವ್ರಿಗೆ. ಒಪ್ಪಂದ ನಿಂತಿದ್ದು ಬರೀ ಮಾತಿನ ಮೇಲಲ್ಲ, ವರ್ಷವರ್ಷ ಮನೆಬಾಗ್ಲಿಗೆ ಬಂದು ಇಸ್ಕೊಂಡು ಹೋಗೋ ಆ ಹಣದ ಮೇಲೆ ಅಂತ ನನಗನ್ಸುತ್ತೆ.

ನನಗೆ ತುಂಬಾ ಹತ್ರ ಆಗಿದ್ದು ಮಾತ್ರ ಕ್ಷೌರಿಕರ ಶಾಸನಗಳು. ಸದಾಶಿವರಾಯನ ಕಾಲದಲ್ಲಿ ಅಳಿಯ ರಾಮರಾಯನ ಮೆಚ್ಚುಗೆ ಗಳಿಸಿದ ಕೊಂಡೋಜ ಅನ್ನೋ ಕ್ಷೌರಿಕ ತನ್ನ ಕಸುಬಿನವ್ರ ಮೇಲಿದ್ದ ತೆರಿಗೆ, ಬಿಟ್ಟಿ ಕೆಲ್ಸ ಎಲ್ಲಾ ಬಿಡಿಸಿಕೊಡ್ತಾನೆ, ಬಾದಾಮಿಯಿಂದ ಚಿತ್ರದುರ್ಗದ ಕಡೆವರ್ಗೂ ಅದನ್ನ ಸಾರಿ ಕಲ್ಲು ನೆಟ್ಟಿದಾರೆ. ಮಹಾನವಮಿ ಪಂಜಿನ ಹೆಸರಲ್ಲೂ ಅವ್ರಿಂದ ಏನೋ ಒಂದು ಎತ್ತುತ್ತಿದ್ರು, ಅದೂ ಹೋಯ್ತು. ಹಂಪಿ ಮಹಾನವಮಿ ದಿಬ್ಬದ ಮುಂದೆ ನಿಂತಾಗೆಲ್ಲ ನನಗೆ ಈಗ ಮೊದ್ಲು ನೆನಪಾಗೋದು ಆ ಪಂಜು.

ಪಕ್ಕದೂರಿನ ಹೊಲದಲ್ಲಿ ಅರ್ಧ ಹೂತಿರೋ ಇನ್ನೊಂದು ಕಲ್ಲಿದೆ, ಕಾಣೋದು ಬರೀ ಬಿರುದಿನ ಸಾಲುಗಳು, ಕೆಳಗಿಂದೆಲ್ಲಾ ಮಣ್ಣೊಳಗಿದೆ. ಪುರಾತತ್ವ ಇಲಾಖೆಗೆ ಅರ್ಜಿ ಬರ್ದು ಹಾಕಿದೀನಿ, ಜಮೀನಿನವ್ರು ರಾಗಿ ಕುಯ್ಲು ಮುಗೀಲಿ ಮೇಷ್ಟ್ರೇ, ಆಮೇಲೆ ಬನ್ನಿ ಅಂದಿದಾರೆ.