ದಿನಕ್ಕೆ ಹತ್ತು ವಚನ, ನೂರಕ್ಕೆ ಒಂದು ರೂಪಾಯಿ: ನನ್ನ ಅನುಭವ

ಸತ್ಯವೇದವನ್ನು, ಅಂದರೆ ಬೈಬಲನ್ನು ಓದಿದರೆ ಸಾಲದೇ, ಅದರ ವಚನಗಳನ್ನು, ಅಂದರೆ ಅಧ್ಯಾಯಗಳೊಳಗಿನ ಅಂಕಿ ಹಾಕಿದ ವಾಕ್ಯಗಳನ್ನು ಕೈಯಲ್ಲಿ ಬರೆಯುವುದೇಕೆ ಎಂದು ಮೂರು ನಾಲ್ಕು ವರ್ಷಗಳ ಹಿಂದೆ ನಕ್ಕವರೇ ಈಗ ಯಾವ ನೋಟ್‌ಬುಕ್ಕು, ಯಾವ ಪೆನ್ನು, ಎಷ್ಟು ಹೊತ್ತು ಬೇಕು ಎಂದು ವಿಚಾರಿಸತೊಡಗಿರುವುದರಿಂದ, ಎಲ್ಲರಿಗೂ ಒಂದೇ ಸಲ ಉತ್ತರ ಕೊಟ್ಟಂತಾಗಲಿ ಎಂದು ಇದನ್ನು ಬರೆಯುತ್ತಿದ್ದೇನೆ. ಕೇರಳದ ಕಾಸರಗೋಡು ಜಿಲ್ಲೆಯ ಉಪ್ಪಳದಲ್ಲಿ ನನ್ನದೊಂದು ದಿನಸಿ ಅಂಗಡಿಯಿದೆ. ಪ್ರಾರ್ಥನೆ ಏಕೆ ಬೇಕು, ದಶಮಾಂಶ (ಆದಾಯದ ಹತ್ತನೆಯ ಒಂದು ಪಾಲನ್ನು ದೇವರಿಗೆಂದು ಕೊಡುವುದು) ಎಂದರೇನು ಎಂಬುದನ್ನು ಸಭೆಯಲ್ಲಿ, ಅಂದರೆ ಚರ್ಚಿನಲ್ಲಿ ಬೆಳೆದವರಿಗೆ ನಾನು ಹೇಳಿಕೊಡಬೇಕಾಗಿಲ್ಲ. ಅವು ದಿನವೂ ತಪ್ಪದೆ ನಡೆಯುವಂತೆ ಮಾಡಿಕೊಂಡ ಬಗೆಯನ್ನಷ್ಟೇ ಹೇಳುತ್ತೇನೆ.

ವರ್ಷಕ್ಕೊಮ್ಮೆ ಸತ್ಯವೇದವನ್ನು ಮುಗಿಸುವ ಪಟ್ಟಿಯನ್ನು ನಾನೂ ಹಿಡಿದವನೇ. ಒಟ್ಟು 1189 ಅಧ್ಯಾಯಗಳು, ದಿನಕ್ಕೆ ಮೂರು, ಭಾನುವಾರ ಐದು ಎಂಬ ಲೆಕ್ಕ ಕಾಗದದ ಮೇಲೆ ಬಹಳ ಚೆನ್ನಾಗಿ ಕೂಡಿಬರುತ್ತದೆ. ಮೊದಲ ಎರಡು ಪುಸ್ತಕಗಳಾದ ಆದಿಕಾಂಡದ 50 ಅಧ್ಯಾಯಗಳೂ ವಿಮೋಚನಕಾಂಡದ 40 ಅಧ್ಯಾಯಗಳೂ ಜನವರಿಯಲ್ಲಿ ಕಥೆಯಂತೆ ಓಡುತ್ತವೆ. ಆದರೆ ತಿಂಗಳು ಮುಗಿಯುವ ಹೊತ್ತಿಗೆ ಮೂರನೆಯ ಪುಸ್ತಕವಾದ ಯಾಜಕಕಾಂಡ ಎದುರಾಗಿ, ಹೋಮ, ನೈವೇದ್ಯ, ಕುಷ್ಠದ ವಿಧಿಗಳ ನಡುವೆ ನಾಲ್ಕು ದಿನ ಬಾಕಿ ಬಿದ್ದರೆ ಹನ್ನೆರಡು ಅಧ್ಯಾಯಗಳ ಸಾಲ ತಲೆಯ ಮೇಲೆ ಕುಳಿತುಬಿಡುತ್ತದೆ. ಎರಡೋ ಮೂರೋ ವರ್ಷ ಫೆಬ್ರವರಿಯಲ್ಲೇ ನನ್ನ ಪಟ್ಟಿ ನಿಂತಿತು. ಆಮೇಲೆ ದಿನಕ್ಕೊಂದೆರಡು ವಚನಗಳನ್ನು ಆರಿಸಿ ಕೊಡುವ ದಿನವಚನವನ್ನು ಹಿಡಿದೆ. ಜರ್ಮನಿಯ ಹೆರ್ನ್‌ಹೂಟ್‌ನ ಮೊರೇವಿಯನ್ ಸಭೆಯವರು 1731ರಿಂದ ವರ್ಷವರ್ಷವೂ ಅಚ್ಚು ಹಾಕಿಸುತ್ತಿರುವ ದೊಡ್ಡ ಪದ್ಧತಿ ಅದು, ಅದರ ಬಗ್ಗೆ ನನಗೆ ಗೌರವವಿದೆ. ಆದರೆ ಅಂಗಡಿಯ ಗಡಿಬಿಡಿಯಲ್ಲಿ ಒಂದೆರಡು ವಚನಗಳು ಕಣ್ಣಿನಲ್ಲೇ ಜಾರಿಹೋಗಿ, ಮಧ್ಯಾಹ್ನಕ್ಕೆ ಏನು ಓದಿದೆನೆಂಬುದೇ ನೆನಪಿರುತ್ತಿರಲಿಲ್ಲ. ಮನೆಯಲ್ಲಿ ರಾತ್ರಿ ಎಂಟಕ್ಕೆ ಕುಟುಂಬ ಪ್ರಾರ್ಥನೆ ಎಂದು ಗೊತ್ತುಮಾಡಿದ್ದು, ನಾನು ಬಾಗಿಲು ಹಾಕಿ ಮನೆ ಸೇರುವುದು ಒಂಬತ್ತಾದ್ದರಿಂದ, ಎಂದೂ ಎಂಟಕ್ಕೆ ನಡೆಯಲಿಲ್ಲ.

ದಾರಿ ತೋರಿಸಿದವರು ಪಕ್ಕದ ಬಟ್ಟೆ ಅಂಗಡಿಯ ಹಾಜಿಯವರು. ಬಾಂಗ್ ಕೇಳಿದೊಡನೆ ಅವರು ಮೀಟರ್‌ಕೋಲನ್ನು ಕೆಳಗಿಟ್ಟು ಏಳುವುದನ್ನು ದಿನವೂ ನೋಡುತ್ತಿದ್ದೆ. ಗಿರಾಕಿ ಇದ್ದಾರೆಯೇ, ಮನಸ್ಸಿದೆಯೇ ಎಂಬ ಪ್ರಶ್ನೆಯೇ ಅಲ್ಲಿ ಏಳುತ್ತಿರಲಿಲ್ಲ. ನಮ್ಮ ಅಜ್ಜನೂ ಮಂಗಳೂರಿನ ಮಿಶನ್ ಹಂಚಿನ ಕಾರ್ಖಾನೆಯಲ್ಲಿದ್ದಾಗ ಬೆಳಗಿನ ಪ್ರಾರ್ಥನೆಯಾದ ಮೇಲೆಯೇ ಮಣ್ಣಿಗೆ ಕೈ ಹಾಕುತ್ತಿದ್ದುದಾಗಿ ಹೇಳುತ್ತಿದ್ದರು. ಮನಸ್ಸು ಹದವಾಗಲಿ ಎಂದು ಕಾಯದೆ, ಕೆಲಸದ ಕೊರಳಿಗೇ ಪ್ರಾರ್ಥನೆಯನ್ನು ಕಟ್ಟಿಬಿಡಬೇಕೆಂದು ನನಗೆ ಹೊಳೆದದ್ದು ಆಗ. ಈಗ ಏಳು ಗಂಟೆಯ ಸುಮಾರಿಗೆ ಅಂಗಡಿಗೆ ಬಂದು, ಶಟರನ್ನು ಸೊಂಟದಷ್ಟು ಮಾತ್ರ ಎತ್ತಿ, ಒಳಗೆ ದೀಪ ಹಾಕಿ, ತಕ್ಕಡಿಯ ಪಕ್ಕದಲ್ಲೇ ಹತ್ತು ವಚನಗಳನ್ನು ನೋಡಿ ಬರೆಯುತ್ತೇನೆ. ಇಪ್ಪತ್ತರಿಂದ ಇಪ್ಪತ್ತೈದು ನಿಮಿಷ ಹಿಡಿಯುತ್ತದೆ. ಬರೆದುದರಲ್ಲಿ ಒಂದು ಮಾತನ್ನು ಹಿಡಿದುಕೊಂಡು ಪ್ರಾರ್ಥಿಸಿ, ಆಮೇಲೆ ಶಟರನ್ನು ಪೂರ್ತಿ ಎತ್ತುತ್ತೇನೆ. ಹಾಲಿಗೆ, ಬೆಲ್ಲಕ್ಕೆ ಎಂದು ಬೇಗ ಬಂದು ಶಟರ್ ತಟ್ಟುವವರನ್ನು ಬೇಸರವಾಗದಂತೆ ಕಾಯಿಸಲು ಒಂದು ಉಪಾಯ ಮಾಡಿದ್ದೇನೆ. ಅದನ್ನು ಇಲ್ಲಿ ಬರೆದರೆ ಗಿರಾಕಿಗಳಿಗೂ ತಿಳಿದುಹೋಗುವುದರಿಂದ ಬಿಡುತ್ತೇನೆ.

ಯೇಸುವಿನ ಜೀವನವನ್ನು ಹೇಳುವ ನಾಲ್ಕು ಸುವಾರ್ತೆಗಳಲ್ಲಿ ಮಾರ್ಕನ ಸುವಾರ್ತೆಯಿಂದಲೇ ಆರಂಭಿಸಿರಿ ಎಂದು ಎಲ್ಲರಿಗೂ ಹೇಳುತ್ತೇನೆ. ಮತ್ತಾಯನನ್ನು ಹಿಡಿದರೆ ಮೊದಲ 17 ವಚನಗಳು ವಂಶಾವಳಿಯಲ್ಲೇ ಕಳೆಯುತ್ತವೆ, ಹೊಸಬನ ಕೈ ಅಲ್ಲೇ ಸೋಲುತ್ತದೆ. ಮಾರ್ಕನದು 16 ಅಧ್ಯಾಯ, ಏಳುನೂರಕ್ಕೆ ಸ್ವಲ್ಪ ಕಡಿಮೆ ವಚನಗಳು. ಎರಡೂವರೆ ತಿಂಗಳೊಳಗೆ ಒಂದು ಪುಸ್ತಕ ಮುಗಿಸಿದ ಧೈರ್ಯ ಬರುತ್ತದೆ. ಇನ್ನೂರು ಪುಟದ ಉದ್ದನೆಯ ನೋಟ್‌ಬುಕ್ಕು ಅರವತ್ತೋ ಎಪ್ಪತ್ತೋ ರೂಪಾಯಿ, ಅದರಲ್ಲಿ ಮಾರ್ಕ ಮುಗಿದು ಅರ್ಧದಷ್ಟು ಉಳಿಯುತ್ತದೆ. ಪೆನ್ನಿನ ವಿಷಯದಲ್ಲಿ ನನಗೆ ದುಡ್ಡು ಹೋಗಿದೆ. ಅಕ್ಷರ ಚಂದ ಕಾಣುತ್ತದೆಂದು ಜೆಲ್ ಪೆನ್ನುಗಳ ಒಂದು ಡಬ್ಬಿಯನ್ನೇ ತಂದಿದ್ದೆ. ನಮ್ಮ ಕಡೆಯ ಆಷಾಢದ ಥಂಡಿಗೆ ಕಾಗದ ಮೆತ್ತಗಾಗಿ, ಹತ್ತನೆಯ ವಚನ ಬರೆಯುವಷ್ಟರಲ್ಲಿ ಅಂಗೈಯ ಅಂಚು ತಗಲಿ ಮೂರನೆಯ ವಚನ ನೀಲಿ ಹೊಗೆಯಂತೆ ಹರಡಿಕೊಂಡಿತು. ಈಗ ಐದು ರೂಪಾಯಿಯ ಬಾಲ್ ಪೆನ್ನು ಸಾಕು. ನೋಟ್‌ಬುಕ್ಕನ್ನು ಮಳೆಗಾಲದಲ್ಲಿ ಗಾಳಿಯಾಡದ ಬಿಸ್ಕತ್ತಿನ ಡಬ್ಬದಲ್ಲಿಡುತ್ತೇನೆ.

ಹೆಂಡತಿಯ ಅಣ್ಣ ಒಮ್ಮೆ ಅಂಗಡಿಗೆ ಬಂದವರು, "ಏನು ಭಾವ, ಕಾಪಿ ಬರೆಯುವುದು ಶಾಲೆಯಲ್ಲೇ ಮುಗಿಯಲಿಲ್ಲವೇ?" ಎಂದು ಎಲ್ಲರೆದುರು ಕೇಳಿದರು. ಸಭೆಯ ಹಿರಿಯರೊಬ್ಬರು, ಕೈ ಬರೆಯುತ್ತದೆ, ಹೃದಯ ಮಲಗಿರುತ್ತದೆ ಎಂದರು. ಅವರಿಗೆ ನಾನು ವಾದದಿಂದ ಉತ್ತರ ಕೊಡಲಿಲ್ಲ. ಮಾರ್ಕ ಮುಗಿದ ಮೇಲೆ ಹಟಕ್ಕೆ ಬಿದ್ದು, ನನ್ನನ್ನು ಅಷ್ಟು ಸಲ ಸೋಲಿಸಿದ ಯಾಜಕಕಾಂಡವನ್ನೇ ಎತ್ತಿಕೊಂಡೆ. ಅದರ 27 ಅಧ್ಯಾಯಗಳಿಗೆ ಮೂರು ತಿಂಗಳು ಹಿಡಿಯಿತು. 19ನೆಯ ಅಧ್ಯಾಯದ ಕೊನೆಗೆ ಬಂದಾಗ ನ್ಯಾಯವಾದ ತಕ್ಕಡಿ, ನ್ಯಾಯವಾದ ತೂಕದ ಕಲ್ಲು ಎಂದು ಬರೆಯುತ್ತಿದ್ದ ಕೈಯಿಂದ ಒಂದು ಗೇಣು ದೂರದಲ್ಲಿ ನನ್ನ ಎಲೆಕ್ಟ್ರಾನಿಕ್ ತಕ್ಕಡಿ ಇತ್ತು. ಓದುವಾಗ ಆ ವಚನವನ್ನು ನಾನು ಹಿಂದೆಯೂ ದಾಟಿದ್ದೆ, ಬರೆಯುವಾಗ ದಾಟಲಾಗಲಿಲ್ಲ. ಕೇರಳದಲ್ಲಿ 2020ರ ಜನವರಿ 1ರಿಂದ ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ ನಿಷೇಧವಾದ ಮೇಲೆ ನಾವೆಲ್ಲ ಕಾಗದದ ಲಕೋಟೆಗೆ ಬಂದೆವು, ಅದು ತೆಳು ಪ್ಲಾಸ್ಟಿಕ್ಕಿಗಿಂತ ಭಾರ. ಸಾಮಾನಿನೊಡನೆ ಲಕೋಟೆಯನ್ನೂ ತೂಗುವುದು ಪೇಟೆಯ ವಾಡಿಕೆ. ಐದಾರು ಗ್ರಾಮ್ ಅಕ್ಕಿಯಲ್ಲಿ ಏನೂ ಅಲ್ಲ. ನೂರು ಗ್ರಾಮ್ ಜೀರಿಗೆಯಲ್ಲಿ, ಕರಿಮೆಣಸಿನಲ್ಲಿ ಅದು ಲೆಕ್ಕಕ್ಕೆ ಬರುತ್ತದೆ. ಅಂದಿನಿಂದ ಖಾಲಿ ಲಕೋಟೆಯನ್ನು ತಕ್ಕಡಿಯ ಮೇಲಿಟ್ಟು, ಗುಂಡಿ ಒತ್ತಿ ಸೊನ್ನೆ ಮಾಡಿ, ಆಮೇಲೆ ಸಾಮಾನು ಸುರಿಯುತ್ತೇನೆ. ತಿಂಗಳಿಗೆ ಮುನ್ನೂರು ನಾನೂರು ರೂಪಾಯಿ ಇದರಲ್ಲಿ ಹೋಗುತ್ತಿರಬಹುದು. ಮೆಣಸು, ಏಲಕ್ಕಿ ಕೊಳ್ಳುವವರು ಒಂದಿಬ್ಬರು ಹೆಚ್ಚಿಗೆ ಬರತೊಡಗಿದ್ದೂ ಉಂಟು, ಅದನ್ನು ಹೇಳದಿದ್ದರೆ ಲೆಕ್ಕ ಅರ್ಧವಾಗುತ್ತದೆ.

ದಶಮಾಂಶದ ವಿಷಯದಲ್ಲಿ ಸಂಬಳದವರಿಗೆ ಕಷ್ಟವಿಲ್ಲ, ತಿಂಗಳ ಕೊನೆಗೆ ಬಂದದ್ದರಲ್ಲಿ ಹತ್ತನೆಯ ಒಂದು ಪಾಲು ತೆಗೆದಿಟ್ಟರಾಯಿತು. ನಮ್ಮಂತಹ ಚಿಲ್ಲರೆ ವ್ಯಾಪಾರಿಗೆ ಲಾಭ ಎಷ್ಟೆಂಬುದು ಮಾರ್ಚಿನವರೆಗೆ ತಿಳಿಯುವುದಿಲ್ಲ. ತಿಂಗಳ ಕೊನೆಗೆ ಕೊಡೋಣವೆಂದರೆ ಅಷ್ಟರಲ್ಲಿ ಸಗಟು ವ್ಯಾಪಾರಿ ಬಾಗಿಲಲ್ಲಿ ನಿಂತಿರುತ್ತಾನೆ. ನಾನು ಕೊನೆಗೆ ಹೀಗೆ ಮಾಡಿದೆ. ಅಕ್ಕಿ, ಸಕ್ಕರೆಯಲ್ಲಿ ಸಿಗುವುದು ನೂರಕ್ಕೆ ನಾಲ್ಕೈದು, ಮಸಾಲೆಯಲ್ಲಿ ಹದಿನೈದರ ಮೇಲೆ, ಒಟ್ಟಾರೆ ನೂರಕ್ಕೆ ಹತ್ತು ಎಂದು ಹಿಡಿದರೆ ದೊಡ್ಡ ತಪ್ಪಾಗದು. ಅದರ ದಶಮಾಂಶ ನೂರು ರೂಪಾಯಿಯ ವ್ಯಾಪಾರಕ್ಕೆ ಒಂದು ರೂಪಾಯಿ. ರಾತ್ರಿ ಗಲ್ಲಾಪೆಟ್ಟಿಗೆ ಎಣಿಸಿದೊಡನೆ, ಬೇರೆ ಯಾವ ಪಾವತಿಗೂ ಮೊದಲು, ಅಷ್ಟನ್ನು ಬೇರೆ ಡಬ್ಬಿಗೆ ಹಾಕುತ್ತೇನೆ. ಹೆದ್ದಾರಿ ಅಗಲೀಕರಣದ ಕಾಲದಲ್ಲಿ ಒಂಬತ್ತು ಸಾವಿರದ ಸುಮಾರಿನಲ್ಲಿದ್ದ ದಿನದ ವ್ಯಾಪಾರ ಐದಕ್ಕೆ ಇಳಿದಾಗಲೂ ಈ ಕ್ರಮ ನಿಲ್ಲಲಿಲ್ಲ, ಏಕೆಂದರೆ ಡಬ್ಬಿಗೆ ಬೀಳುವುದೂ ತಾನಾಗಿ ತೊಂಬತ್ತರಿಂದ ಐವತ್ತಕ್ಕೆ ಇಳಿದಿತ್ತು.

ಸಾಲದ ಪುಸ್ತಕದಲ್ಲಿ ನಡೆಸಿದ ಪ್ರಯೋಗ ಅಷ್ಟು ಗೆಲ್ಲಲಿಲ್ಲ. ಯೇಸು ಕಲಿಸಿದ, ಸಾಲಗಾರರನ್ನು ಕ್ಷಮಿಸುವ ಮಾತಿರುವ ಕರ್ತನ ಪ್ರಾರ್ಥನೆಯನ್ನು ದಿನವೂ ಹೇಳುವವನು ಸಾಲಗಾರರ ವಿಷಯದಲ್ಲಿ ಏನು ಮಾಡಬೇಕೆಂದು ಯೋಚಿಸಿ, ಒಂದು ವರ್ಷ ಶುಭ ಶುಕ್ರವಾರದ (ಗುಡ್ ಫ್ರೈಡೇ) ಮುನ್ನಾದಿನ ವಸೂಲಾಗದ ಕೆಲವು ಪುಟಗಳನ್ನು ಹರಿದುಹಾಕಿದೆ, ನಾಲ್ಕು ಸಾವಿರದಷ್ಟಾಗಿರಬೇಕು. ಸುದ್ದಿ ಹೇಗೋ ಹಬ್ಬಿ, ಮರುವರ್ಷ ಈಸ್ಟರಿಗೆ ಮುಂಚಿನ ಉಪವಾಸದ ದಿನಗಳಾದ ಲೆಂಟ್ ಕಾಲ ಬಂದೊಡನೆ ಕೊಡಬಲ್ಲವರೂ ಕೊಡುವುದನ್ನು ನಿಲ್ಲಿಸಿದರು. ಈಗಲೂ ಪುಟ ಹರಿಯುತ್ತೇನೆ, ಆದರೆ ಯಾವ ತಿಂಗಳು, ಯಾರದು ಎಂಬುದು ನನ್ನ ಹೆಂಡತಿಗೂ ಗೊತ್ತಿಲ್ಲ.

ಮನೆಯ ಪ್ರಾರ್ಥನೆಯನ್ನು ಊಟದ ಎಲೆಯ ಮುಂದಕ್ಕೇ ತಂದೆ; ಅಂದು ಬರೆದ ಹತ್ತು ವಚನಗಳನ್ನು ನೋಟ್‌ಬುಕ್ಕಿನಿಂದಲೇ ಮಗಳು ಓದುತ್ತಾಳೆ. ಇಂಗ್ಲಿಷ್ ಮಾಧ್ಯಮದ, ಮಲಯಾಳವನ್ನೇ ಹೆಚ್ಚು ಬರೆಯುವ ಮಕ್ಕಳಿಗೆ ಕನ್ನಡ ಅಚ್ಚಿಗಿಂತ ಅಪ್ಪನ ಕೈಬರಹವೇ ಸಲೀಸಾದದ್ದು ನಾನು ನಿರೀಕ್ಷಿಸದ ಲಾಭ. ಈ ಹುರುಪಿನಲ್ಲಿ ಒಂದು ಶುಭ ಶುಕ್ರವಾರ ಸಂಜೆ ಮಂಜೇಶ್ವರದ ಗೋವಿಂದ ಪೈಗಳ 'ಗೊಲ್ಗೊಥಾ'ವನ್ನು ಮನೆಯಲ್ಲಿ ಓದಿಸಹೊರಟೆ. ನಮ್ಮ ನೆರೆಯ ಊರಿನ ಕವಿ ಕ್ರಿಸ್ತನ ಶ್ರಮೆಯನ್ನು ಹಾಡಿದ್ದಾರೆಂಬ ಅಭಿಮಾನ ಒಂದೆಡೆ ಇದ್ದರೂ, ಆ ಹಳಗನ್ನಡದ ಬಿಗಿಗೆ ಮಕ್ಕಳು ಎರಡನೆಯ ಪುಟದಲ್ಲೇ ಆಕಳಿಸಿದರು. ಉಳಿದುದನ್ನು ನಾನೊಬ್ಬನೇ ಓದಿ ಮುಗಿಸಿದೆ. ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ತೂಗುತ್ತಾ ಸತ್ಯವೇದ ಕೇಳುವ ಪ್ರಯತ್ನ ಎರಡು ದಿನವೂ ನಡೆಯಲಿಲ್ಲ: ಉದ್ದು ಕೇಳಿದವರಿಗೆ ಹೆಸರು ಕಟ್ಟಿಕೊಟ್ಟೆ.

ಅಂದು ನಕ್ಕ ಹೆಂಡತಿಯ ಅಣ್ಣ ಈಗ ಯೋಹಾನನ ಸುವಾರ್ತೆಯನ್ನು ಬರೆಯುತ್ತಿದ್ದಾರೆ. ಅವರೂ ಇನ್ನಿಬ್ಬರೂ ಮುಂದಿನ ಲೆಂಟ್ ಕಾಲಕ್ಕೆ ಒಂದು ಪಟ್ಟಿ ಕೇಳಿದ್ದರಿಂದ ಇದನ್ನು ಹೊಂದಿಸಿದ್ದೇನೆ: ಭಾನುವಾರಗಳನ್ನು ಬಿಟ್ಟರೆ 40 ದಿನ, ಸತ್ಯವೇದದ 119ನೆಯ ಕೀರ್ತನೆಯಲ್ಲಿ ಎಂಟೆಂಟು ವಚನಗಳ 22 ಭಾಗಗಳಿವೆ, ದಿನಕ್ಕೊಂದರಂತೆ 22 ದಿನ, ಯಾಕೋಬನ ಪತ್ರಿಕೆಯಲ್ಲಿ 108 ವಚನಗಳು, ದಿನಕ್ಕೆ ಆರರಂತೆ 18 ದಿನ. ಹೆಚ್ಚೂ ಇಲ್ಲ, ಬಾಕಿಯೂ ಇಲ್ಲ. ಇದಕ್ಕೆ ನೂರು ಪುಟದ ನೋಟ್‌ಬುಕ್ಕು ಧಾರಾಳ; ಮೂರನ್ನು ತಂದು ಅಂಗಡಿಯಲ್ಲಿಟ್ಟಿದ್ದೇನೆ, ಅಸಲು ದರಕ್ಕೆ ಕೊಡುತ್ತೇನೆ.