ಮನೆಯ ನ್ಯಾಸ್‌ನಲ್ಲೇ ಜಾಹೀರಾತಿಗೆ ತಡೆ

ರಾಹುಕಾಲ ನೋಡೋಣ ಅಂತ ಅಮ್ಮ ಪಂಚಾಂಗದ ಆ್ಯಪ್ ತೆರೆದರೆ ಮೊದಲು ಬರುವುದು ಸಾಲದ ಜಾಹೀರಾತು. ಅದರ ಇಂಟು ಮಾರ್ಕ್ ಹುಡುಕುವಷ್ಟರಲ್ಲಿ ರಾಹುಕಾಲವೇ ಮುಗಿದಿರುತ್ತದೆ. ಮನೆಯಲ್ಲಿ ಫೋಟೊ ಇಡಲು ತಂದ ನ್ಯಾಸ್ ಪೆಟ್ಟಿಗೆ (ಮನೆಯ ನೆಟ್‌ವರ್ಕ್‌ಗೆ ಜೋಡಿಸಿದ ಹಾರ್ಡ್ ಡಿಸ್ಕ್) ಇದ್ದರೆ ಇದನ್ನು ಅಲ್ಲಿಂದಲೇ ತಡೆಯಬಹುದು. ಒಂದೊಂದು ಫೋನಿಗೂ ಏನೂ ಹಾಕಬೇಕಿಲ್ಲ.

ಫೋನ್ ಯಾವುದೇ ಸೈಟ್ ತೆರೆಯುವ ಮೊದಲು ಅದರ ಹೆಸರು ಹೇಳಿ ವಿಳಾಸ ಕೇಳುತ್ತದೆ. ಉತ್ತರ ಕೊಡುವುದು ಡಿಎನ್‌ಎಸ್. ಆ ಉತ್ತರ ಕೊಡುವ ಕೆಲಸವನ್ನು ನ್ಯಾಸ್‌ಗೆ ವಹಿಸಿದರೆ ಆಯಿತು. ಜಾಹೀರಾತು ಸರ್ವರ್‌ನ ಹೆಸರು ಬಂದರೆ ಅದು ನಿಜವಾದ ವಿಳಾಸ ಕೊಡುವುದಿಲ್ಲ. ಯೂಟ್ಯೂಬ್ ಜಾಹೀರಾತು ಮಾತ್ರ ಇದರಿಂದ ನಿಲ್ಲುವುದಿಲ್ಲ. ಅಲ್ಲಿ ವಿಡಿಯೊ, ಜಾಹೀರಾತು ಎರಡೂ ಒಂದೇ ಹೆಸರಿನ ಸರ್ವರ್‌ನಿಂದ ಬರುತ್ತವೆ.

ನನ್ನ ಬಳಿ ಇರುವುದು ಸಿನಾಲಜಿ ಕಂಪನಿಯ ನ್ಯಾಸ್. ಅದರಲ್ಲಿ ಈ ಕೆಲಸ ಮಾಡುವ ಆ್ಯಡ್‌ಗಾರ್ಡ್ ಹೋಮ್ ಅನ್ನೋ ಸಾಫ್ಟ್‌ವೇರ್ ಹಾಕಿದ್ದೇನೆ. ಪೈ-ಹೋಲ್ ಕೂಡ ಇದೇ ಕೆಲಸ ಮಾಡುತ್ತದೆ, ಆದರೆ ಮೊದಲ ಸಲ ಮಾಡುವವರಿಗೆ ಆ್ಯಡ್‌ಗಾರ್ಡೇ ಸುಲಭ ಅನ್ನಿಸಿತು. ಎರಡೂ ಉಚಿತ.

ಮೊದಲು ರೂಟರ್‌ನಲ್ಲಿ ನ್ಯಾಸ್‌ಗೆ ಬದಲಾಗದ ಐಪಿ (ಮನೆಯ ನೆಟ್‌ವರ್ಕ್‌ನಲ್ಲಿ ಅದರ ವಿಳಾಸ) ಕೊಡಿ. 192.168.1.20 ಅಂದುಕೊಳ್ಳೋಣ. ನಂತರ ಪ್ಯಾಕೇಜ್ ಸೆಂಟರ್‌ನಿಂದ ಕಂಟೇನರ್ ಮ್ಯಾನೇಜರ್ ಹಾಕಿಕೊಳ್ಳಿ. ಬೇರೆ ಸಾಫ್ಟ್‌ವೇರ್‌ಗಳನ್ನು ನ್ಯಾಸ್‌ನೊಳಗೆ ಪ್ರತ್ಯೇಕ ಡಬ್ಬಿಗಳಲ್ಲಿ (ಕಂಟೇನರ್) ಓಡಿಸುವುದು ಇದು. ಸಿನಾಲಜಿಯ ಆಪರೇಟಿಂಗ್ ಸಿಸ್ಟಂ ಡಿಎಸ್‌ಎಂ 7.2ಕ್ಕಿಂತ ಹಿಂದೆ ಇದರ ಹೆಸರು ಡಾಕರ್ ಅಂತಿತ್ತು. ಫೈಲ್ ಸ್ಟೇಷನ್‌ನಲ್ಲಿ ‘ವರ್ಕ್’, ‘ಕಾನ್ಫ್’ ಅಂತ ಎರಡು ಫೋಲ್ಡರ್ ಮಾಡಿ. ಕಂಟೇನರ್ ಮ್ಯಾನೇಜರ್‌ನ ರಿಜಿಸ್ಟ್ರಿಯಲ್ಲಿ ಆ್ಯಡ್‌ಗಾರ್ಡ್ ಹೋಮ್ ಹುಡುಕಿ ಇಳಿಸಿ, ಕಂಟೇನರ್ ಮಾಡಿ. ಆಗ ಮೂರು ವಿಷಯ ನೋಡಿಕೊಳ್ಳಿ: ಆಟೊ ರೀಸ್ಟಾರ್ಟ್‌ಗೆ ಟಿಕ್ ಹಾಕಿ, ಆ ಎರಡು ಫೋಲ್ಡರ್‌ಗಳನ್ನು ಕಂಟೇನರ್ ಒಳಗಿನ ಅದೇ ಹೆಸರಿನ ಫೋಲ್ಡರ್‌ಗಳಿಗೆ ಜೋಡಿಸಿ, ನೆಟ್‌ವರ್ಕ್ ‘ಹೋಸ್ಟ್’ ಇರಲಿ. ಬ್ರಿಡ್ಜ್ ಇಟ್ಟರೆ ಯಾವ ಫೋನ್ ಏನು ಕೇಳಿತು ಅಂತ ಬೇರೆ ಬೇರೆಯಾಗಿ ಕಾಣದೇ ಹೋಗಬಹುದು.

ಈಗ ಬ್ರೌಸರ್‌ನಲ್ಲಿ ನ್ಯಾಸ್‌ನ ಐಪಿ ಬರೆದು, ಕೋಲನ್ ಹಾಕಿ, 3000 ಸೇರಿಸಿ. ವೆಬ್ ಪೋರ್ಟ್ (ಆ್ಯಡ್‌ಗಾರ್ಡ್ ಪುಟ ತೆರೆಯುವ ಬಾಗಿಲಿನ ನಂಬರ್) 80 ಅಂತ ಅದು ಸೂಚಿಸುತ್ತದೆ. ಆ ಪೋರ್ಟ್‌ನಲ್ಲಿ ಸಿನಾಲಜಿ ಆಗಲೇ ಕೂತಿದೆ, ಹಾಗಾಗಿ 3000 ಅಂತಲೇ ಮಾಡಿ. ಡಿಎನ್‌ಎಸ್‌ಗೆ 53 ಇರಲಿ. ನ್ಯಾಸ್‌ನಲ್ಲಿ ಫೈರ್‌ವಾಲ್ ಹಾಕಿದ್ದರೆ ಈ ಎರಡಕ್ಕೂ ದಾರಿ ಬಿಡಿ. ಹೆಸರು, ಪಾಸ್‌ವರ್ಡ್ ಕೊಟ್ಟು ಒಳಗೆ ಹೋದ ಮೇಲೆ ಡಿಎನ್‌ಎಸ್ ಸೆಟ್ಟಿಂಗ್ಸ್‌ನಲ್ಲಿ ‘ರೇಟ್ ಲಿಮಿಟ್’ ನೋಡಿ. ಸೆಕೆಂಡಿಗೆ ಎಷ್ಟು ಪ್ರಶ್ನೆಗೆ ಉತ್ತರ ಕೊಡಬೇಕು ಅನ್ನುವ ಮಿತಿ ಅದು, 20 ಅಂತಿರುತ್ತದೆ. ಮನೆ ತುಂಬ ಫೋನ್ ಇದ್ದರೆ ಅದು ಸಾಲುವುದಿಲ್ಲ, 0 ಮಾಡಿ, ಅಂದರೆ ಮಿತಿಯೇ ಇಲ್ಲ.

ಕೊನೆಗೆ ರೂಟರ್. ಮನೆಯ ಫೋನುಗಳಿಗೆ ಐಪಿ, ಡಿಎನ್‌ಎಸ್ ಹಂಚುವ ಡಿಎಚ್‌ಸಿಪಿ ಪುಟದಲ್ಲಿ ಪ್ರೈಮರಿ ಡಿಎನ್‌ಎಸ್ ಜಾಗದಲ್ಲಿ 192.168.1.20 ಬರೆಯಿರಿ. ಕೆಳಗಿನ ಸೆಕೆಂಡರಿ ಖಾಲಿ ಬಿಡಿ. ನಾನು ಎಡವಿದ್ದು ಇಲ್ಲೇ. ಸುಮ್ನೆ ಇರಲಿ ಅಂತ ಗೂಗಲ್‌ನ ಡಿಎನ್‌ಎಸ್ 8.8.8.8 ಬರೆದಿದ್ದೆ, ಮೊದಲನೆಯದು ಕೈಕೊಟ್ಟರೆ ಮಾತ್ರ ಎರಡನೆಯದು ಬಳಕೆಯಾಗುತ್ತದೆ ಅಂದುಕೊಂಡು. ಹಾಗೇನಿಲ್ಲ, ಫೋನ್ ತನಗೆ ತೋಚಿದವರನ್ನು ಕೇಳುತ್ತದೆ. ಒಂದು ವಾರ ಅರ್ಧ ಜಾಹೀರಾತು ಬಂತು, ಅರ್ಧ ಬರಲಿಲ್ಲ. ನಾನು ಫಿಲ್ಟರ್ ಲಿಸ್ಟ್ (ತಡೆಯಬೇಕಾದ ಹೆಸರುಗಳ ಪಟ್ಟಿ) ಬದಲಿಸುತ್ತಾ ಕೂತಿದ್ದೆ!

ರೂಟರ್ ಐಪಿವಿ6ಗೆ (ಹೊಸ ಬಗೆಯ ಉದ್ದನೆಯ ಐಪಿ ವಿಳಾಸ) ಬೇರೆ ಡಿಎನ್‌ಎಸ್ ಹಂಚುತ್ತಿದ್ದರೂ ಇದೇ ಕಥೆ, ಅದನ್ನೂ ನೋಡಿ. ಆಂಡ್ರಾಯ್ಡ್‌ನ ‘ಪ್ರೈವೇಟ್ ಡಿಎನ್‌ಎಸ್‌’ನಲ್ಲಿ ಯಾವುದಾದರೂ ಹೆಸರು ಬರೆದಿದ್ದರೆ ಆ ಫೋನ್ ನ್ಯಾಸ್ ಕಡೆ ತಿರುಗಿಯೂ ನೋಡುವುದಿಲ್ಲ. ಕೆಲವು ಕಂಪನಿ ರೂಟರ್‌ಗಳಲ್ಲಿ ಡಿಎನ್‌ಎಸ್ ಬದಲಿಸಲು ಬಿಡುವುದೇ ಇಲ್ಲ. ಆಗ ಪ್ರತಿ ಫೋನಿನ ವೈಫೈ ಸೆಟ್ಟಿಂಗ್‌ನಲ್ಲೇ ಬರೆಯಬೇಕು.

ಎಲ್ಲ ಆದ ಮೇಲೆ ಫೋನ್ ವೈಫೈ ಆಫ್ ಮಾಡಿ ಆನ್ ಮಾಡಿ, ಆ್ಯಡ್‌ಗಾರ್ಡ್‌ನ ‘ಕ್ವೆರಿ ಲಾಗ್’ (ಫೋನುಗಳು ಕೇಳಿದ ಹೆಸರುಗಳ ಪಟ್ಟಿ) ತೆರೆಯಿರಿ. ಪಂಚಾಂಗದ ಆ್ಯಪ್ ತೆರೆದರೆ ಸಾಲುಗಳು ಓಡತೊಡಗುತ್ತವೆ, ತಡೆದವು ಬೇರೆ ಬಣ್ಣದಲ್ಲಿ. ಈ ಲಾಗ್ ಬೇಕಾಗುವುದು ಜಾಸ್ತಿ ಮನೆಯವರ ದೂರು ಬಂದಾಗ. ಕೊರಿಯರ್ ಎಲ್ಲಿದೆ ನೋಡುವ ಲಿಂಕ್ ತೆರೆಯುತ್ತಿಲ್ಲ ಅಂತ ಹೆಂಡತಿ ಹೇಳಿದಳು. ಲಾಗ್‌ನಲ್ಲಿ ನೋಡಿದರೆ, ಯಾರು ಒತ್ತಿದರು ಅಂತ ಲೆಕ್ಕ ಇಡುವ ಸರ್ವರ್ ಮೂಲಕ ಆ ಲಿಂಕ್ ಹೋಗುತ್ತಿತ್ತು. ಆ ಸಾಲಿನಲ್ಲೇ ‘ಅನ್‌ಬ್ಲಾಕ್’ ಒತ್ತಿದೆ, ತೆರೆಯಿತು.

ಇನ್ನೊಂದು ಮಾತು. ಇನ್ನು ಮುಂದೆ ನ್ಯಾಸ್ ಆಫ್ ಆದರೆ ಮನೆಯ ಇಂಟರ್ನೆಟ್ಟೂ ನಿಂತ ಹಾಗೆ. ರೂಟರ್ ಜೊತೆ ಅದನ್ನೂ ಯುಪಿಎಸ್‌ಗೆ ಹಾಕಿ. ರೂಟರ್‌ನ ಡಿಎನ್‌ಎಸ್ ಮತ್ತೆ ‘ಆಟೊ’ ಮಾಡುವುದು ಹೇಗೆ ಅಂತ ಚೀಟಿಯಲ್ಲಿ ಬರೆದು ರೂಟರ್ ಬೆನ್ನಿಗೆ ಅಂಟಿಸಿದ್ದೇನೆ. ನಾನು ಊರಲ್ಲಿ ಇಲ್ಲದಾಗ ಮಗಳು ಅದನ್ನು ಎರಡು ಸಲ ಓದಿದ್ದಾಳೆ.