ಹತ್ತಂಕಿಯ ಸಂಖ್ಯೆಯನ್ನು ಕಾಗದ ಸಿಗುವವರೆಗೆ ಮನಸ್ಸಿನಲ್ಲಿ ಹಿಡಿದಿಡುವ ಬಗೆ

ಯಾರೋ ಹೇಳಿದ ಮೊಬೈಲ್ ಸಂಖ್ಯೆಯನ್ನು ಬರೆದುಕೊಳ್ಳುವವರೆಗೆ ನೆನಪಿನಲ್ಲಿ ಇಟ್ಟುಕೊಳ್ಳಬೇಕಾದರೆ, ಮೊದಲು ಅದನ್ನು ಮೂರು, ಮೂರು, ನಾಲ್ಕು ಅಂಕಿಗಳ ಗುಂಪುಗಳಾಗಿ ಒಡೆದುಕೊಳ್ಳಿ. ಅಲ್ಪಾವಧಿ ಸ್ಮೃತಿಯ ಮಿತಿ ಸುಮಾರು ಏಳು ಘಟಕಗಳೆಂದು ಜಾರ್ಜ್ ಮಿಲ್ಲರ್ 1956ರಲ್ಲಿ ಹೇಳಿದ್ದರು; 2001ರಲ್ಲಿ ನೆಲ್ಸನ್ ಕೋವನ್ ಅದನ್ನು ನಾಲ್ಕರ ಆಸುಪಾಸಿಗೆ ಇಳಿಸಿದರು. ಹತ್ತು ಬಿಡಿ ಅಂಕಿಗಳು ಎರಡೂ ಲೆಕ್ಕವನ್ನು ಮೀರುತ್ತವೆ, ಮೂರು ಗುಂಪುಗಳು ಎರಡರೊಳಗೂ ಹಿಡಿಯುತ್ತವೆ.

ಬಳಿಕ ಆ ಗುಂಪುಗಳನ್ನು ಮನಸ್ಸಿನಲ್ಲೇ ವೇಗವಾಗಿ ಉಚ್ಚರಿಸುತ್ತಿರಿ. ಮನೋವಿಜ್ಞಾನಿಗಳಾದ ಅಲನ್ ಬ್ಯಾಡ್ಲಿ ಮತ್ತು ಗ್ರಹಾಂ ಹಿಚ್ 1974ರಲ್ಲಿ ಮುಂದಿಟ್ಟು, ಮುಂದೆ ಬ್ಯಾಡ್ಲಿ ಬೆಳೆಸಿದ ಸ್ಮೃತಿಯ ಮಾದರಿಯ ಪ್ರಕಾರ, ಮಾತಿನ ರೂಪದ ಮಾಹಿತಿಯನ್ನು ತಾತ್ಕಾಲಿಕವಾಗಿ ಹಿಡಿದಿಡಲು ‘ಧ್ವನಿಸುರುಳಿ’ ಎಂಬ ಪ್ರತ್ಯೇಕ ಭಾಗವೊಂದಿದ್ದು, ಸುಮಾರು ಎರಡು ಸೆಕೆಂಡುಗಳಲ್ಲಿ ಹೇಳಿ ಮುಗಿಸಬಹುದಾದಷ್ಟನ್ನು ಮಾತ್ರ ಅದು ಉಳಿಸಿಕೊಳ್ಳಬಲ್ಲದು. ಆದ್ದರಿಂದ ‘ಒಂಬತ್ತು ಎಂಟು ನಾಲ್ಕು’ ಎಂದು ಎಳೆದು ಹೇಳುವುದಕ್ಕಿಂತ, ನಿಮ್ಮ ನಾಲಿಗೆಗೆ ಚುಟುಕಾಗಿ ಒದಗುವ ಭಾಷೆಯನ್ನೇ, ಅದು ಇಂಗ್ಲಿಷ್ ಆದರೂ ಸರಿ (ಕನ್ನಡಾಭಿಮಾನಿಗಳು ಕ್ಷಮಿಸಬೇಕು), ಆರಿಸಿಕೊಳ್ಳುವುದು ಲೇಸು.

ಈ ನಡುವೆ ಯಾರೊಡನೆಯೂ ಮಾತನಾಡಬೇಡಿ, ಬಸ್ಸಿನ ಸಂಖ್ಯೆಯನ್ನೂ ಓದಬೇಡಿ; ಮಾತೂ ಓದಿದ ಅಂಕಿಗಳೂ ಅದೇ ಧ್ವನಿಸುರುಳಿಯೊಳಗೆ ನುಗ್ಗುತ್ತವೆ. ದಾರಿ ನೋಡಿಕೊಂಡು ನಡೆಯುವುದರಿಂದ ಅಷ್ಟು ತೊಂದರೆಯಾಗದು. ಏಕೆಂದರೆ ಕಣ್ಣಿಗೆ ಕಂಡದ್ದನ್ನು ತಾತ್ಕಾಲಿಕವಾಗಿ ಹಿಡಿದಿಡುವ ಭಾಗವನ್ನು ಆ ಮಾದರಿಯು ಧ್ವನಿಸುರುಳಿಯಿಂದ ಬೇರೆಯಾಗಿಯೇ ಗುರುತಿಸುತ್ತದೆ.